ಸಾಹೇಬನ ಬೆಂಕಿಗೂಡು

ಕಟ್ಟಡಗಳು ಮನುಷ್ಯನ ದೂರದೃಷ್ಟಿಗೆ ಸಾಕ್ಷಿ. ಜಮಖಂಡಿಯ ಬಿಸಿಲಲ್ಲಿ ಚಳಿ ಕಾಯಿಸಲು ಬೆಂಕಿಗೂಡು ಕಟ್ಟಿಸಿದ ಇಂಗ್ಲಿಷ್ ಸಾಹೇಬನನ್ನು ಬಿಟ್ಟು.

ಆ ಗೂಡಿನ ಕಲ್ಲಿನಲ್ಲಿ ತನ್ನ ಹೆಸರು ಕೆತ್ತಿದ್ದೇನೆಂದು ಕಲ್ಲುಕುಟಿಗನಾಗಿದ್ದ ನಮ್ಮಜ್ಜ ಸಾಯುವವರೆಗೂ ಹೇಳಿದ. ಮನೆಯಲ್ಲಿ ಯಾರೂ ನಂಬಲಿಲ್ಲ. ನೋಡಿಯೇ ಬಿಡೋಣವೆಂದು ಇಂದು ಸಾಹೇಬನ ಬಂಗಲೆಗೆ ಹೋದೆ. ಸಾಹೇಬ ಹೋದಮೇಲೆ ಅಲ್ಲಿ ನೆಲೆಸಿದ್ದು ಅವನ ಕಾವಲುಗಾರನ ಮನೆತನ, ಕುರಿ ಸಾಕುವವರು. ಈಗಿನ ಒಡತಿ ಲಕ್ಕವ್ವ ಒಳಗೆ ಕರೆದರು. ಬೆಂಕಿಯನ್ನೇ ಕಾಣದ ಗೂಡಿನಲ್ಲಿ ಅವರ ಮನೆದೇವರು ಬೀರೇಶ್ವರ ಕುಳಿತಿದ್ದ. ಹಿಂದಿನ ಕಲ್ಲಿಗೆ ಅರಿಶಿನದ ಭಂಡಾರ ಗಟ್ಟಿಯಾಗಿ ಮೆತ್ತಿತ್ತು.

“ಅಲ್ಲೇನೋ ಬರದೈತ್ರಿ. ದೇವರ ಅಕ್ಷರ ಅಂತ ನಮ್ಮತ್ತಿ ಕಾಲದಿಂದ ದಿನಾ ಭಂಡಾರ ಹಚ್ಚತೀವಿ.”

“ಒಂದೀಟು ಒರಸಿ ನೋಡ್ಲೇನ್ರಿ, ಅಕ್ಕಾರ? ನಮ್ಮಜ್ಜನ ಹೆಸರಿರಬೇಕು.”

“ಜಳಕಾ ಮಾಡದೇ ದೇವ್ರನ್ನ ಮುಟ್ಟತಾರೇನ್ರಿ? ಬಚ್ಚಲದಾಗ ಬಿಸಿನೀರೈತಿ, ನಡೀರಿ!”

ಒಂದೇ ದಿನ ಎರಡನೆಯ ಸ್ನಾನ. ಅಜ್ಜನಿಗಾಗಿ ನಾನು ಮಾಡಿದ ಏಕೈಕ ತ್ಯಾಗ. ಅವರ ಯಜಮಾನರ ಧೋತರ ಉಟ್ಟು ಬಂದೆ. ಲಕ್ಕವ್ವ ದೇವರನ್ನು ಕಂಬಳಿಯ ಮೇಲಿಳಿಸಿ, ಒದ್ದೆ ಬಟ್ಟೆಯಿಂದ ತಾವೇ ಕಲ್ಲು ಒರೆಸಿದರು. ಅಜ್ಜನ ಹೆಸರು ಒಂದಕ್ಷರವೂ ಸವೆಯದೆ ಎದ್ದುಬಂತು. ನಾನು ಗಟ್ಟಿಯಾಗಿ ಓದಿದೆ.

“ಅಯ್ಯ! ಇಷ್ಟ ದಿನ ನಿಮ್ಮಜ್ಜಗ ಪೂಜಿ ಮಾಡೇವೇನ್ರಿ?”

“ತಪ್ಪಾತ್ರಿ, ಅಕ್ಕಾರ. ನಿಮ್ಮ ಉಪಕಾರ ಮರಿಯೂದಿಲ್ಲ.”

“ತಪ್ಪೇನ್ ಬಂತ್ರಿ? ನಾವಿರೂ ಮನಿ ಕಟ್ಟಿದಾಂವ.”

ಲಕ್ಕವ್ವ ಅಜ್ಜನ ಹೆಸರಿಗೆ ಮತ್ತೆ ಭಂಡಾರ ಹಚ್ಚಿದರು.