ವಿಗ್ ಹಾರಿದಾಗ ಕಂಡ ಮುಖ

ಹೋದ ವಾರ ಮಂಡಿ ಹಿಡಿದುಕೊಂಡು ಕೂತಿದ್ದೆ. ಸೊಸೆ ತಾನಾಗೇ ಎದ್ದು ಹೋಗಿ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕಿ, ಬಿಸಿ ಮಾಡಿ ತಂದಳು. ಕೇಳದೇ ತಂದಳು, ಅದು ನನ್ನ ಪುಣ್ಯ. ಬಟ್ಟಲು ಹತ್ತಿರ ಬಂದದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಕರ್ಪೂರ ಅಂದರೆ ಎಲ್ಲರಿಗೂ ಮಂಗಳಾರತಿ, ಬೆಳಗಿನ ಹೊತ್ತು ನನಗೂ ಹಾಗೇ. ಆದರೆ ಎಣ್ಣೆಯಲ್ಲಿ ಕರಗಿದ ಕರ್ಪೂರ ಮಾತ್ರ ನನಗೆ ದೇವರನ್ನು ನೆನಪಿಸುವುದಿಲ್ಲ. ನಮ್ಮ ಮಹಡಿ ಮನೆಯವರನ್ನು ನೆನಪಿಸುತ್ತದೆ... ಸಂಜೆಯಾದರೆ ಅವರ ಹೆಂಡತಿ ಅವರ ಬೆನ್ನಿಗೆ ಆ ಎಣ್ಣೆ ತಿಕ್ಕುತ್ತಿದ್ದರು. ವಾಸನೆ ಮೆಟ್ಟಿಲಿಳಿದು ಕೆಳಗಿನ ನಮ್ಮ ಅಡುಗೆಮನೆಗೆ ಬರುತ್ತಿತ್ತು.

ಚಾಮರಾಜಪೇಟೆಯ ಈ ಮನೆಗೆ ಅವರು ಬಾಡಿಗೆಗೆ ಬಂದಾಗ ನನ್ನ ಮಗ ಇನ್ನೂ ತೊಟ್ಟಿಲಲ್ಲಿದ್ದ. ಮನೆ ಕೇಳೋಕೆ ಬಂದ ದಿನ ಅವರು ಖಾಕಿ ಹಾಕಿಕೊಂಡೇ ಬಂದಿದ್ದರು. ನಮ್ಮ ಅತ್ತೆ ಬಾಗಿಲಲ್ಲೇ ಕರಗಿಹೋದರು. ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ, ಬಾಡಿಗೆಯಲ್ಲಿ ಚೌಕಾಸಿಯನ್ನೂ ಮಾಡಲಿಲ್ಲ. "ಪೊಲೀಸ್ನೋರು ಮೇಲಿದ್ರೆ ಬಾಗಿಲಿಗೆ ಬೀಗಾನೇ ಬೇಡ ಕಣೆ" ಅಂತ ನನ್ನ ಕಿವಿಯಲ್ಲಿ ಹೇಳಿದರು. ಅವರು ಬಂದು ಸ್ವಲ್ಪ ದಿನಕ್ಕೇ, ಪಕ್ಕದ ಮನೆಯವರು ನಮ್ಮ ಬಾಗಿಲಿಗೆ ಮುಸುರೆ ನೀರು ಚೆಲ್ಲುತ್ತಾರೆ ಅನ್ನೋ ದೂರನ್ನು ಅತ್ತೆ ಅವರ ಮುಂದಿಟ್ಟರು.

"ಸ್ವಲ್ಪ ನಿಮ್ಮ ಗತ್ತಲ್ಲಿ ಗದರಿಸಿ ಬನ್ನಿ" ಅಂದರು ಅತ್ತೆ.

ಅವರು ತಲೆ ಕೆರೆದುಕೊಂಡರು. "ಅಮ್ಮ, ನಾನು ಪೊಲೀಸ್ ಅಲ್ಲ. ಸಿನಿಮಾದಲ್ಲಿ ಪೊಲೀಸ್ ಬೀಳ್ಬೇಕಾದಾಗ ಅವರ ಬದಲು ಬೀಳೋನು."

ಅತ್ತೆ ಆಮೇಲೆ ಎಷ್ಟೋ ದಿನ ಅವರ ಮೇಲೆ ಮುನಿಸಿಕೊಂಡಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಶೂಟಿಂಗ್ ನಡುವೆ ಬಿಡುವು ಸಿಕ್ಕಿತು ಅಂತ ಹಾಕಿದ ಬಟ್ಟೆಯಲ್ಲೇ ಮನೆ ನೋಡೋಕೆ ಬಂದಿದ್ದರು, ಅಷ್ಟೇ. ಚಿಕ್ಕಂದಿನಲ್ಲಿ ಗರಡಿಯಲ್ಲಿ ಪಳಗಿ, ಆಮೇಲೆ ಕರಾಟೆ ಕಲಿತು, ಅಲ್ಲಿಂದ ಸಿನಿಮಾ ಸೇರಿದ್ದರಂತೆ. ಡೂಪ್ ಅನ್ನುತ್ತಾರಲ್ಲ, ಅದು. ಹೀರೋ ತರ ವಿಗ್ ಹಾಕಿಕೊಂಡು, ಹೀರೋ ತರ ಖಾಕಿ ತೊಟ್ಟು, ಮಹಡಿಯಿಂದ, ಬಸ್ಸಿನ ಮೇಲಿಂದ ಕ್ಯಾಮೆರಾಕ್ಕೆ ಬೆನ್ನು ಮಾಡಿ ಬೀಳುವುದು. ಅವರ ಬೆನ್ನನ್ನು ಈ ರಾಜ್ಯದಲ್ಲಿ ನೋಡದವರಿಲ್ಲ. ಮುಖ ಮಾತ್ರ ಯಾರೂ ನೋಡಿರಲಿಲ್ಲ.

ಆ ಸಿನಿಮಾಗಳು ನನಗೆ ಆಗಲೂ ಹೇಸಿಗೆ, ಈಗಲೂ ಹೇಸಿಗೆ. ಒಬ್ಬ ಇನ್ಸ್‌ಪೆಕ್ಟರ್. ಅವನಿಗೆ ಕರಾಟೆ ಬರುತ್ತೆ, ಬುದ್ಧಿ ಬರಲ್ಲ. ಕಳ್ಳನನ್ನು ಹಿಡಿಯೋಕೆ ರಸ್ತೆ ಬಿಟ್ಟು ತರಕಾರಿ ಮಾರ್ಕೆಟ್ಟಿಗೇ ನುಗ್ಗಬೇಕು. ಟೊಮೇಟೊ ಗಾಡಿ ಮಗುಚಬೇಕು, ಮೊಟ್ಟೆ ಬುಟ್ಟಿ ಒಡೆಯಬೇಕು, ಹೂವಿನವಳ ಮೇಲೆ ಬೀಳಬೇಕು. ಹೊಟ್ಟೆ ಬಂದ ಕಾನ್‌ಸ್ಟೇಬಲ್ ಒಬ್ಬ ಇರಲೇಬೇಕು, ಅವನ ಹಿಂಭಾಗಕ್ಕೆ ಎಲ್ಲರೂ ಒದೆಯಬೇಕು. ತಿನ್ನೋ ಪದಾರ್ಥ ತುಳಿದು, ವಯಸ್ಸಾದವನಿಗೆ ಒದ್ದು, ಅದಕ್ಕೆ ನಗು. ಮನೆಯಲ್ಲಿ ಒಂದು ತುತ್ತು ಅನ್ನ ಕೆಳಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತುವವಳು ನಾನು. ಆ ಕೆಂಪು ರಸ ರಸ್ತೆ ತುಂಬಾ ಹರಿಯೋದು ಬಂದರೆ ಮುಖ ತಿರುಗಿಸುತ್ತಿದ್ದೆ.

ನಮ್ಮ ಯಜಮಾನರಿಗೆ ಮಾತ್ರ ಅವೇ ಪ್ರಾಣ. ಬಳೇಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮುಂದೆ ನಗುತ್ತಾ, ಥಾನು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ, ರಜೆ ಬಂದರೆ ಅವರಿಗೆ ಯಾರಾದರೂ ಯಾರಿಗಾದರೂ ಹೊಡೆಯೋದು ನೋಡಬೇಕಿತ್ತು.

"ನಿಂಗೆ ಗೊತ್ತಾಗಲ್ಲ ಕಣೆ. ಇದ್ರಲ್ಲಿ ಮೋಸ ಇಲ್ಲ. ಇವ್ರೆಲ್ಲ ನಿಜವಾಗ್ಲೂ ಬೀಳ್ತಾರೆ" ಅನ್ನುತ್ತಿದ್ದರು.

ನಿಜವಾಗಿ ಬೀಳುತ್ತಾರೆ ಅನ್ನೋದೇ ಅವರಿಗೆ ಖುಷಿ. ನನಗೆ ಹೇಸಿಗೆ ತರಿಸುತ್ತಿದ್ದದ್ದೂ ಅದೇ.

ಒಂದು ಸಲ ಇದನ್ನು ಮಹಡಿ ಮನೆಯವರಿಗೇ ಹೇಳಿಬಿಟ್ಟೆ. ಹೊಟ್ಟೆಪಾಡಿನ ಕೆಲಸಕ್ಕೆ ಹಾಗೆ ಅನ್ನಬಾರದಿತ್ತೇನೋ, ಆದರೆ ನನಗೆ ಮನಸ್ಸಲ್ಲೊಂದು ಬಾಯಲ್ಲೊಂದು ಬರಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕ, ಜನ ಬೀಳೋದನ್ನ ನೋಡೋಕೆ ಬರಲ್ಲ. ಬಿದ್ದೋನು ಧೂಳು ಕೊಡವ್ಕೊಂಡು ಏಳ್ತಾನಲ್ಲ, ಅದನ್ನ ನೋಡೋಕೆ ಬರ್ತಾರೆ" ಅಂದರು.

"ಏಳೋನು ಹೀರೋ. ಬೀಳೋನು ನೀವು. ಇಬ್ರೂ ಒಬ್ರೇ ಏನ್ರೀ?" ಅಂದೆ. ಅವರು ಮಗುವಿನ ತೊಟ್ಟಿಲು ತೂಗುತ್ತಾ ನಿಂತರು.

ಶೂಟಿಂಗಿಗೆ ಹೊರಡುವ ದಿನ ಬೆಳಗ್ಗೆ ನಮ್ಮ ಬಾಗಿಲಲ್ಲಿ ಒಂದು ನಿಮಿಷ ನಿಲ್ಲುತ್ತಿದ್ದರು. ನಾನು ಲಿಂಗಪೂಜೆ ಮುಗಿಸಿ ಎದ್ದವಳು ವಿಭೂತಿ ಗಟ್ಟಿಯನ್ನು ಅವರ ಮುಂದೆ ಹಿಡಿಯುತ್ತಿದ್ದೆ. ಅವರು ಹಣೆಗೆ ಹಚ್ಚಿಕೊಳ್ಳುತ್ತಿದ್ದದ್ದು ಎಲ್ಲರಂತಲ್ಲ, ತೀರಾ ಮೇಲೆ, ಕೂದಲಿಗೆ ತಾಗಿಸಿ. ಯಾಕೆ ಅಂದರೆ, "ಕೆಳಗಿದ್ರೆ ಮೇಕಪ್‌ನೋರು ಒರೆಸಿಬಿಡ್ತಾರೆ ಅಕ್ಕ. ಮೇಲಿದ್ರೆ ವಿಗ್ ಒಳಗೆ ಉಳ್ಕೊಳ್ಳುತ್ತೆ" ಅಂದಿದ್ದರು. ಹಿಂದೆ ನಿಂತಿದ್ದ ಅವರ ಹೆಂಡತಿ ಆ ಮಾತು ಕೇಳಿ ತಲೆ ತಗ್ಗಿಸಿದ್ದರು. ಆಕೆ ಗಂಡನ ಒಂದೂ ಸಿನಿಮಾ ನೋಡಿದವರಲ್ಲ. ಅವರು ಹೊರಟ ಮೇಲೆ ಕೆಳಗೆ ಬಂದು ನನ್ನ ಜೊತೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದರು. ಗೇಟಿನ ಸದ್ದಾಗುವವರೆಗೂ ಆ ಮೊರದಿಂದ ಕಣ್ಣು ಎತ್ತುತ್ತಿರಲಿಲ್ಲ.

ಒಂದು ದಿನ ಗೇಟಿನ ಸದ್ದಾಗಲಿಲ್ಲ. ಆಸ್ಪತ್ರೆಯಿಂದ ಜನ ಬಂದರು.

ಮಹಡಿಯಿಂದ ತರಕಾರಿ ಗಾಡಿಯ ಟಾರ್ಪಾಲಿನ ಮೇಲೆ ಬೀಳಬೇಕಿತ್ತಂತೆ. ಟಾರ್ಪಾಲು ಹರಿದು, ಗಾಡಿಯಲ್ಲಿದ್ದ ಹುಲ್ಲಿನ ಮೇಲೆ ಬೀಳಬೇಕು, ಹಾಗೆ ಲೆಕ್ಕ. ಒಂದು ಕಡೆ ಟಾರ್ಪಾಲು ಕಟ್ಟಿದ್ದ ಬೊಂಬು ಜಾರಿತು. ಗಾಡಿಯ ಅಂಚು ಸೊಂಟಕ್ಕೆ ಬಡಿಯಿತು. ಜೀವ ಉಳಿಯಿತು, ನಡೆದಾಡುವ ಹಾಗೂ ಆದರು, ಆ ಶಿವನಿಗೆ ಅಷ್ಟಾದರೂ ಕರುಣೆ ಇತ್ತು. ಆದರೆ ಡಾಕ್ಟರು, ನಮ್ಮ ಯಜಮಾನರು ಜೊತೆಗಿದ್ದಾಗಲೇ, ಇನ್ನು ಸ್ಟೂಲಿನ ಮೇಲಿಂದಲೂ ಹಾರಕೂಡದು ಅಂದರು. ಹೆಂಡತಿಗೆ ಅವರು ಹೇಳಿದ್ದು ಇಷ್ಟೇ: "ಹುಲ್ಲಿನ ಮೇಲೇ ಬಿದ್ದೆ ಕಣೆ. ನೋವೇನೂ ಆಗ್ಲಿಲ್ಲ, ಸ್ವಲ್ಪ ಉಳುಕ್ತು." ಆಕೆ ಅದನ್ನೇ ನಂಬಿದ್ದರು. ನಂಬಿದ್ದರಿಂದಲೇ ದಿನಾ ಎಣ್ಣೆ ತಿಕ್ಕುತ್ತಾ, ಉಳುಕು ಹೋಗುತ್ತೆ ಹೋಗುತ್ತೆ ಅಂತ ಕಾಯುತ್ತಿದ್ದರು.

ಆ ಸಿನಿಮಾ ಬಂತು. ಒಂದು ಮಧ್ಯಾಹ್ನ ಅವರು ಮೆಟ್ಟಿಲು ಹತ್ತಲಾರದೇ ನಮ್ಮ ಬಾಗಿಲಲ್ಲೇ ನಿಂತು ಹೆಂಡತಿಯನ್ನು ಕೂಗಿದರು. ಕೈಯಲ್ಲಿ ಟಿಕೆಟ್ಟು, ಮುಖದಲ್ಲಿ ಹಬ್ಬ.

"ನನ್ ಮುಖ ಬಂದಿದೆ ಅಂತೆ ಅಕ್ಕ. ನಮ್ ಫೈಟಿಂಗ್ ಹುಡುಗ್ರು ನೋಡ್ಕೊಂಡು ಬಂದ್ರು. ಕೊನೇಲಿ, ಹೆಸರು ತೋರಿಸ್ತಾರಲ್ಲ, ಆವಾಗ. ವಿಗ್ ಬಿದ್ದೋಗಿದೆ, ಪೂರ್ತಿ ಮುಖ ಕಾಣ್ಸುತ್ತಂತೆ."

ಹೆಂಡತಿ ಬರಲ್ಲ ಅಂದರು. ಅವರು ಅಷ್ಟು ಬೇಡಿಕೊಂಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಒಂದೇ ಒಂದ್ಸಲ ಬಾ. ಇನ್ಮೇಲೆ ಹೇಗೂ ಬೀಳೋಕೆ ಆಗಲ್ಲ, ಇನ್ನೊಂದ್ಸಲ ಮುಖ ಬರಲ್ಲ. ನಾನು ಏನ್ ಕೆಲಸ ಮಾಡ್ತಿದ್ದೆ ಅಂತ ನೀನೂ ನೋಡಿದ ಹಾಗಾಗುತ್ತೆ." ಆಕೆ ನನ್ನ ಮುಖ ನೋಡಿದರು. ನಾನೂ ಬರುತ್ತೀನಿ ಅಂದೆ. ಮಗುವನ್ನು ಅತ್ತೆ ಹತ್ತಿರ ಬಿಟ್ಟು ನಾವು ನಾಲ್ಕೂ ಜನ ಹೋದೆವು.

ಸಿನಿಮಾದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಅದೇ ಮಾರ್ಕೆಟ್ಟು, ಅದೇ ಟೊಮೇಟೊ, ಕಾನ್‌ಸ್ಟೇಬಲ್ಲಿಗೆ ಅದೇ ಒದೆ. ನಮ್ಮ ಯಜಮಾನರು ತೊಡೆ ತಟ್ಟಿಕೊಂಡು ನಗುತ್ತಿದ್ದರು, ಥಿಯೇಟರೇ ನಗುತ್ತಿತ್ತು. ಮುಗಿಯಿತು ಅನ್ನುವಾಗ ಜನ ಎದ್ದರು. ಅರ್ಧ ಲೈಟು ಹಾಕಿಬಿಟ್ಟರು. ಪರದೆಯ ಮೇಲೆ ಹೆಸರುಗಳ ಪಕ್ಕ ಶೂಟಿಂಗಲ್ಲಿ ಎಡವಟ್ಟಾದ ತುಣುಕುಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಒಬ್ಬನ ಪ್ಯಾಂಟು ಹರಿದದ್ದು, ಒಬ್ಬ ಮಾತು ಮರೆತದ್ದು... ಮಹಡಿ ಮನೆಯವರು ಸೊಂಟ ಹಿಡಿದುಕೊಂಡೇ ಅರ್ಧ ಎದ್ದು, "ಕೂತ್ಕೊಳ್ಳಿ ಗುರು, ಒಂದ್ನಿಮಿಷ, ಇನ್ನೂ ಇದೆ" ಅಂತ ಮುಂದಿನವರಿಗೆ ಹೇಳುತ್ತಿದ್ದರು.

ಆಗ ಬಂದರು. ಮಹಡಿಯಿಂದ ಹಾರಿದರು, ಬೊಂಬು ಜಾರಿತು, ಗಾಡಿಯ ಅಂಚಿಗೆ ಬಡಿದು ಕೆಳಗುರುಳಿದರು. ವಿಗ್ಗು ಬೆಕ್ಕಿನ ಮರಿ ತರ ಪುಟಿದು ಹೋಯಿತು. ಕ್ಯಾಮೆರಾದ ಕಡೆ ಮುಖ. ಬಾಯಿ ತೆರೆದಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಹಣೆಯ ಮೇಲ್ತುದಿಯಲ್ಲಿ ನಾನು ಕೊಟ್ಟ ವಿಭೂತಿಯ ಮೂರು ಗೆರೆ. ಅದೇ ಕ್ಷಣಕ್ಕೆ ಸ್ಪ್ರಿಂಗ್ ಎಳೆದು ಬಿಟ್ಟ ಹಾಗೆ ಬೊಯ್ಂಗ್ ಅಂತ ಒಂದು ಸದ್ದು.

ಥಿಯೇಟರು ಬಿದ್ದು ಬಿದ್ದು ನಕ್ಕಿತು. "ಲೇ ಮಗಾ, ಇನ್ಸ್‌ಪೆಕ್ಟರ್ ಒಳಗೆ ಸ್ವಾಮಿಗಳು ಕೂತವ್ರೆ ನೋಡೋ" ಅಂತ ಯಾರೋ ಕೂಗಿದ. ಶಿಳ್ಳೆ ಬಿತ್ತು. ನಮ್ಮ ಯಜಮಾನರೂ ನಕ್ಕರು. ಯಾರು ಅಂತ ಗೊತ್ತಾಗುವ ಮುಂಚೆ ನಕ್ಕುಬಿಟ್ಟಿದ್ದರು, ಗೊತ್ತಾದ ಮೇಲೆ ಬಾಯಿ ಹಾಗೇ ನಿಂತಿತು. ಒಬ್ಬ ಮನುಷ್ಯನ ಮೂಳೆ ಮುರಿದದ್ದನ್ನು ತೆಗೆದು, ತೊಳೆದು, ಊಟದ ಕೊನೆಯ ಸಿಹಿ ತರ ಬಡಿಸಿದ್ದರು. ಎಲ್ಲರೂ ಚಪ್ಪರಿಸುತ್ತಿದ್ದರು.

ಅವರು ಮಾತ್ರ ಹೆಂಡತಿಯನ್ನೇ ನೋಡುತ್ತಿದ್ದರು. ಆಕೆಯ ಸೆರಗು ಬಾಯಿಯ ಮೇಲಿತ್ತು.

ಹೊರಗೆ ಬಂದು ಬಸ್‌ಸ್ಟಾಪಿನವರೆಗೂ ನಡೆದೆವು. ಅಲ್ಲಿ ಆಕೆ ನಿಧಾನಕ್ಕೆ ಕೇಳಿದರು, "ಅಷ್ಟು ನೋವಾಗಿತ್ತಾ?"

ಅವರು ರಸ್ತೆ ಕಡೆ ನೋಡಿದರು.

"ಹುಲ್ಲಿನ ಮೇಲೆ ಬಿದ್ದೆ ಅಂದಿದ್ರಲ್ಲ."

"ಅದಿರ್ಲಿ ಬಿಡು. ಮುಖ ಚೆನ್ನಾಗಿ ಬಂದಿತ್ತಲ್ವಾ?" ಅಂದರು ಅವರು.

ಆಕೆ ಸೆರಗು ಸರಿ ಮಾಡಿಕೊಂಡು, "ಹ್ಞೂಂ, ಬಂದಿತ್ತು" ಅಂದರು. ಆ ಒಂದು ಮಾತು ಹೇಳುವ ಶಕ್ತಿ ಆ ಹೆಣ್ಣಿಗೆ ಕೊಟ್ಟಿದ್ದಕ್ಕೆ ನಾನು ಈಗಲೂ ದೇವರಿಗೆ ಕೈ ಮುಗಿಯುತ್ತೇನೆ. ನನಗಾಗಿದ್ದರೆ ಬರುತ್ತಿರಲಿಲ್ಲ.

ಮುಂದಿನ ವರ್ಷ ಮಹಡಿ ಮೆಟ್ಟಿಲು ಹತ್ತೋದು ಕಷ್ಟ ಅಂತ ತ್ಯಾಗರಾಜನಗರದ ಕಡೆ ನೆಲದ ಮನೆಗೆ ಹೋದರು. ಯಾವುದೋ ಮದುವೆ ಛತ್ರದಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತ್ತು. ಬರುತ್ತಾ ಹೋಗುತ್ತಾ ಇದ್ದರು, ಆಮೇಲೆ ಹಬ್ಬಕ್ಕೊಂದು ಫೋನ್, ಆಮೇಲೆ ಅದೂ... ಹೋದ ಚಳಿಗಾಲದಲ್ಲಿ ಆಕೆಯೇ ಫೋನ್ ಮಾಡಿ, ಅವರು ಹೋದರು ಅಂದರು. ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ.

ಎಣ್ಣೆ ಹಚ್ಚಿಸಿಕೊಂಡ ಮಾರನೇ ದಿನ ಊಟವಾದ ಮೇಲೆ ನಮ್ಮ ಯಜಮಾನರು ಟೀವಿ ಮುಂದಿನಿಂದ ಕರೆದರು. "ಬಾ ಇಲ್ಲಿ, ನಮ್ ಮಹಡಿ ಮನೆಯವರ ಸಿನಿಮಾ ಸಿಕ್ತು." ಈಗಿನ ಟೀವಿಯಲ್ಲಿ ಹಳೆಯದೆಲ್ಲ ಸಿಗುತ್ತೆ, ಹುಡುಕಿದರೆ ಆಯ್ತು. ನಾನು ಮೊದಲು ಆಕೆಗೆ ಫೋನ್ ಮಾಡಿದೆ, ಹೇಳಬೇಕೋ ಬೇಡವೋ ಅಂದುಕೊಳ್ಳುತ್ತಲೇ ಹೇಳಿದೆ.

"ನಾನು ನೋಡಲ್ಲಕ್ಕ" ಅಂದರು. ಆಮೇಲೆ, "ನೀವು ನೋಡಿ. ಒಬ್ರಾದ್ರೂ ನಗ್ದೇ ನೋಡ್ಲಿ" ಅಂದರು.

ಅದಕ್ಕೇ ಕೂತೆ, ಮೊದಲಿಂದ ಕೊನೆಯವರೆಗೆ. ಹೇಸಿಗೆ ಒಂದು ಚೂರೂ ಕಡಿಮೆಯಾಗಿರಲಿಲ್ಲ, ಆದರೂ ಟೊಮೇಟೊ ಗಾಡಿ ಮಗುಚಿದಾಗ ಮುಖ ತಿರುಗಿಸಲಿಲ್ಲ. ಸಿನಿಮಾ ಮುಗಿದು ಹೆಸರು ಶುರುವಾಗಿತ್ತು, ಅಷ್ಟರಲ್ಲಿ ಪರದೆ ತಾನಾಗೇ ಕುಗ್ಗಿ ಒಂದು ಮೂಲೆಗೆ ಅಂಗೈಯಷ್ಟಾಗಿ ಹೋಯಿತು. ಉಳಿದ ಜಾಗದಲ್ಲೆಲ್ಲ ಮುಂದಿನ ಸಿನಿಮಾದ ಚಿತ್ರ, ಇನ್ನೊಬ್ಬ ಇನ್ಸ್‌ಪೆಕ್ಟರ್, ಇನ್ನೊಂದು ಜಿಗಿತ. ಯಜಮಾನರು ಏನೇನೋ ಒತ್ತಿದರು. ಸೊಸೆ ಬಂದು ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿ ದೊಡ್ಡದು ಮಾಡಿದಳು.

"ಸದ್ದು ತೆಗಿಯಮ್ಮ" ಅಂದೆ.

ತೆಗೆದಳು. ಆ ಸದ್ದು ಹೋದ ಮೇಲೆ ಅದರಲ್ಲಿ ತಮಾಷೆ ಅನ್ನೋದು ಏನೂ ಉಳಿಯಲಿಲ್ಲ. ಒಬ್ಬ ಮನುಷ್ಯ ಮೇಲಿಂದ ಬಿದ್ದ. ವಿಗ್ ಹಾರಿತು, ವಿಭೂತಿ ಕಂಡಿತು, ಬಾಯಿ ತೆರೆಯಿತು. ಇಷ್ಟು ವರ್ಷ ನಾನು ಅದನ್ನು ಬರೀ ತೆರೆದ ಬಾಯಿ ಅಂದುಕೊಂಡಿದ್ದೆ. ಈಗ ನೋಡಿದರೆ ತುಟಿ ಆಡುತ್ತಿದೆ. ಅವರು ಏನನ್ನೋ ಕೂಗುತ್ತಿದ್ದಾರೆ, ಯಾರನ್ನೋ ಕರೆಯುತ್ತಿದ್ದಾರೆ. ಆ ಪಾಪಿಗಳು ಅವರ ಕೂಗನ್ನು ಕಿತ್ತು ಹಾಕಿ, ಅಲ್ಲಿ ಆ ಬೊಯ್ಂಗ್ ತುಂಬಿದ್ದರು.

ಶಿವನನ್ನು ಕರೆದರೋ, ಅಮ್ಮನನ್ನೋ, ಮೊರದ ಮುಂದೆ ಕೂತಿದ್ದ ಹೆಂಡತಿಯನ್ನೋ... ಸೊಸೆ ಇನ್ನೊಂದು ಸಲ ಹಾಕಿದಳು. ಯಜಮಾನರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತು ನೋಡಿದೆ. ಗೊತ್ತಾಗಲಿಲ್ಲ. ಸಂಜೆ ಆಕೆಗೆ ಫೋನ್ ಮಾಡಿ, ನೋಡಿದೆ, ಯಾರೂ ನಗಲಿಲ್ಲ ಅಂದೆ. ತುಟಿಯ ಮಾತು ಹೇಳಲಿಲ್ಲ. ಹೇಳಿದರೆ ಆಕೆ, "ಏನಂದ್ರು?" ಅಂತ ಕೇಳುತ್ತಾರೆ. ಅದನ್ನು ಹೇಳಬಲ್ಲವರು ಅವರೊಬ್ಬರೇ ಇದ್ದದ್ದು, ಅವರೂ ಹೋದರು.