ಗುಳ ಮುರಿದವಳು

ನೇಗಿಲ ಗುಳ ಮುರಿದದ್ದು ನನ್ನ ತಪ್ಪಿನಿಂದ. ಹೆಂಗಸು ಸುತ್ತಿಗೆ ಹಿಡಿದಳು ಎಂಬ ಕಾರಣಕ್ಕಲ್ಲ. ಊರು ಬೇರೆಯೇ ಹೇಳಿತು, ಇಂದಿಗೂ ಹೇಳುತ್ತದೆ.

ಶ್ರೀರಂಗಪಟ್ಟಣದ ಕೋಟೆ ಕೆಲಸಕ್ಕೆ ಸುತ್ತಲ ಕಮ್ಮಾರರನ್ನೆಲ್ಲ ಕರೆದೊಯ್ದ ವರ್ಷ ಅದು. ನನ್ನ ಗಂಡನೂ ಹೋದ. ನಾಗಮಂಗಲದ ಪಕ್ಕದ ನಮ್ಮೂರಿಗೆ ಇದ್ದದ್ದು ನಮ್ಮದೊಂದೇ ಕುಲುಮೆ. ನಮ್ಮ ಕುಲದ ಹೆಂಗಸರು ತಿದಿ ಒತ್ತಬಹುದು, ಅಡಿಗಲ್ಲಿನ ಮೇಲೆ ಸುತ್ತಿಗೆ ಎತ್ತುವಂತಿಲ್ಲ. ಮುಂಗಾರಿನ ಹನಿ ಬಿದ್ದಿತ್ತು, ಊರಿನ ನೇಗಿಲ ಗುಳಗಳೆಲ್ಲ ಮೊಂಡಾಗಿದ್ದವು. ನಾನು ಎತ್ತಿದೆ. ಹನ್ನೆರಡು ವರ್ಷ ತಿದಿ ಒತ್ತುತ್ತಾ ನೋಡಿದವಳಿಗೆ ಏಟು ಗೊತ್ತಿತ್ತು, ಹದ ಗೊತ್ತಿರಲಿಲ್ಲ. ಗೌಡರ ಗುಳವನ್ನು ಕೆಂಪು ಇಳಿಯುವ ಮೊದಲೇ ನೀರಿಗೆ ಅದ್ದಿಬಿಟ್ಟೆ. ಹೊಲದಲ್ಲಿ ಕಲ್ಲಿಗೆ ತಗಲಿ ಅದರ ಮೂತಿ ಪಟಕ್ಕನೆ ಹಾರಿತು.

ಸಂಜೆಯೊಳಗೆ ನನ್ನ ಹೆಸರು ಎಲ್ಲ ಜಗಲಿಯ ಮೇಲೂ ಇತ್ತು. ಒಳ್ಳೆಯದಕ್ಕೆ ಹೆಸರಾದವರನ್ನು ಹೆಸರುವಾಸಿ ಎನ್ನುತ್ತಾರೆ. ಕೆಟ್ಟದ್ದಕ್ಕಾದರೆ ಜನರ ಬಾಯಿಗೆ ಬಿದ್ದವಳು. ಮೇಲುಕೋಟೆಯ ಓದಿದವರು ಅದಕ್ಕೇ ಅಪಕೀರ್ತಿ ಅನ್ನುತ್ತಾರಂತೆ. ಕೇಳಲು ಮರ್ಯಾದೆಯ ಮಾತು, ಪೆಟ್ಟು ಅದೇ. ನನ್ನ ಗಂಡನೂ ಎರಡು ಗುಳ ಮುರಿದಿದ್ದ. ಆಗ ಕಬ್ಬಿಣ ಸರಿಯಿರಲಿಲ್ಲ ಅಂದರು. ಅವನಿಗೆ ಯಾವ ಹೆಸರೂ ಬರಲಿಲ್ಲ.

ಊರ ಸೊಸೆಯರೆಲ್ಲ ಮಾವ ಎಂದು ಕರೆಯುವ ಗೌಡರು ಅಂದು ರಾತ್ರಿಯೇ ಮುರಿದ ಗುಳ ತಂದು ಬಾಗಿಲಲ್ಲಿ ಎಸೆದರು.

“ಏನವ್ವಾ, ನಿನ್ನೆಸ್ರು ಮೇಲುಕೋಟೆ ಗಂಟ ಓಗದೆ. ಗುಳ ಮುರುದೋಳು ಅಂತಾವ್ರೆ. ಕುಲುಮೆಗೆ ನೀರುಯ್ದುಬುಡು. ಬೇರೆ ಊರಿಂದ ಕಮ್ಮಾರುನ್ನ ಕರ್ಕಂಬತ್ತೀವಿ.”

ಬಂದವನು ಒಮ್ಮೆ ಅಡಿಗಲ್ಲಿನ ಮುಂದೆ ಕೂತರೆ ಏಳುವುದಿಲ್ಲ. ಆಮೇಲೆ ಗಂಡ ಬಂದರೂ ಅವನಿಗೆ ಕುಲುಮೆಯಿಲ್ಲ, ನಮಗೆ ಊರಿಲ್ಲ.

“ಮುರುದೋಳು ನಾನೇ ಕಣ್ ಮಾವ. ಬಿರ್ನೆ ನೀರ್ಗೆ ಅದ್ಬುಟ್ಟೆ. ನಿಮ್ ಗುಳವ ನಾನೇ ಮಾಡ್ಕೊಡ್ತೀನಿ.”

“ಅದೂ ಮುರುದ್ರೆ?”

“ಇನ್ನೊಂದ್ ದಪ ಬಯ್ರಿ. ಎಸ್ರು ಎಂಗೂ ಕೆಟ್ಟದೆ, ಇನ್ನೇನ್ ಕೆಡದು?”

ಗೌಡರು ನಗಲಿಲ್ಲ. “ನಾಳೆ ಮದ್ಯಾನದ್ ಗಂಟ ನೋಡ್ತೀನಿ,” ಎಂದು ಹೊರಟುಹೋದರು.

ಮಾರನೆಯ ಬೆಳಗ್ಗೆ ಅತ್ತೆಯನ್ನು ತಿದಿಯ ಹತ್ತಿರ ಕೂರಿಸಿ ಬೆಂಕಿ ಹೊತ್ತಿಸಿದೆ. ಮುರಿದ ಗುಳವನ್ನೇ ಕಾಯಿಸಿ ಬಡಿದು ಹೊಸ ಮೂತಿ ಎಳೆದೆ. ಕೆಂಪು ಇಳಿಯುವವರೆಗೆ ಕಾದು, ಮೂತಿಯನ್ನಷ್ಟೇ ನೀರಿಗೆ ತೋರಿಸಿದೆ. ಗುಳವನ್ನು ಹೆಗಲಿಗೇರಿಸಿ, ಹಿತ್ತಿಲ ದಾರಿ ಬಿಟ್ಟು ಊರ ನಡುವೆಯೇ ನಡೆದು ಗೌಡರ ಹೊಲಕ್ಕೆ ಹೋದೆ. ನೇಗಿಲಿಗೆ ನಾನೇ ಬಿಗಿದೆ.

“ನೆನ್ನೆ ಕಲ್ ಎಲ್ಲದೆ ಮಾವ? ಅದ್ರ ಮ್ಯಾಲೇ ನೇಗ್ಲು ಒಡೀರಿ,” ಎಂದು ಬದುವಿನ ಮೇಲೆ ಕೂತೆ.