ಅಲಗು ತೊಟ್ಟ ಬಾಣ ಅಂಗೈಯಗಲ ತಪ್ಪಿದರೆ

ಟೂನ್ ಇವತ್ತು ಬೇಗ ಬಂದುಬಿಟ್ಟರೆ ಏನು ಮಾಡುವುದು? ಸೈಕಲ್ಲಿಗೆ ಬೀಗ ಹಾಕುತ್ತ ಜಲಜಾಕ್ಷಿ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. ನಲವತ್ತೇಳು ವರ್ಷದ ಹೆಂಗಸು, ಕೆಲಸಕ್ಕೆ ಬೇಗ ಬಂದು ಕಳ್ಳಿಯ ಹಾಗೆ ಹಿಂದೆ ಮುಂದೆ ನೋಡುವಂತಾಯಿತಲ್ಲ ಎಂದು ನಾಚಿಕೆಯಾಗುತ್ತದೆ. 2021ರ ಸೆಪ್ಟೆಂಬರಿನ ಒಂದು ಗುರುವಾರ, ಬೆಳಗಿನ ಆರೂವರೆ. ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ಅಂಚಿನಲ್ಲಿ ಪಾಪ್ಲರ್ ಮರಗಳ ಸಾಲಿನಾಚೆ ಬೆಳಕು ಇನ್ನೂ ಬೂದಿ ಬಣ್ಣದಲ್ಲೇ ಇದೆ. ಒಂದು ಕಾಲಕ್ಕೆ ದನ ಕಟ್ಟುತ್ತಿದ್ದ ಉದ್ದನೆಯ ಕೊಟ್ಟಿಗೆಯ ಬಾಗಿಲು ತೆರೆದು, ದೀಪ ಹಾಕಿ, ಕಪಾಟಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸುತ್ತಾರೆ. ಅದರಲ್ಲಿ ಆರು ಬಾಣಗಳಿವೆ.

ಮೇಜಿನ ಮೇಲಿರುವುದು ಕ್ರಾಸ್‌ಬೋ, ಬಂದೂಕಿನ ಹಿಡಿಗೆ ಅಡ್ಡಲಾಗಿ ಬಿಲ್ಲು ಕೂರಿಸಿದ ಸಾಧನ. ಜಲಜಾಕ್ಷಿ ಅದರ ಮೂತಿಯನ್ನು ನೆಲಕ್ಕೂರಿ, ಮುಂದಿನ ಕಬ್ಬಿಣದ ಬಳೆಯೊಳಗೆ ಎಡಗಾಲಿಟ್ಟು, ಹಗ್ಗದ ಎರಡೂ ಹಿಡಿಗಳನ್ನು ಸೊಂಟದವರೆಗೆ ಎಳೆಯುತ್ತಾರೆ. ಸುಮಾರು ನಲವತ್ತು ಕಿಲೋ ಎತ್ತಿದಷ್ಟು ಭಾರ. ಕಟ್ ಎಂದು ಹೆದೆ ಕೂರುತ್ತದೆ. ಉಸಿರು ಹತೋಟಿಗೆ ಬರುವವರೆಗೆ ಮೇಜು ಹಿಡಿದು ನಿಲ್ಲುತ್ತಾರೆ. ಜನವರಿಯಲ್ಲಿ ಕೊರೊನಾ ಬಂದುಹೋದ ಮೇಲೆ ಈ ನಿಲ್ಲುವುದು ಕೆಲಸದ ಭಾಗವೇ ಆಗಿಬಿಟ್ಟಿದೆ.

ಮೊದಲು ಅಭ್ಯಾಸದ ಮೊನೆ. ಪೆನ್ನಿನ ನಿಬ್ಬಿನಂಥ ಚೂಪು, ಅಷ್ಟೇ. ನಲವತ್ತು ಮೀಟರಾಚೆ ಕಪ್ಪು ಫೋಮಿನ ಗುರಿಹಲಗೆಯಲ್ಲಿ ಬಾಣ ಬಿಳಿ ಚುಕ್ಕಿಯ ಪಕ್ಕದಲ್ಲೇ ನೆಡುತ್ತದೆ. ನಡೆದುಹೋಗಿ ಕಿತ್ತು ತರುತ್ತಾರೆ. ಈಗ ಅದೇ ಬಾಣಕ್ಕೆ ಅದೇ ತೂಕದ ಬ್ರಾಡ್‌ಹೆಡ್, ಮೂರು ಅಲಗಿನ ಬೇಟೆಯ ಮೊನೆ. ಅದೇ ಬಿಲ್ಲು, ಅದೇ ಗುರಿ. ಬಾಣ ಚುಕ್ಕಿಯಿಂದ ಅಂಗೈಯಗಲ ಎಡಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ.

ಜಲಜಾಕ್ಷಿ ನಡೆದುಹೋಗಿ ಅದನ್ನು ಕೀಳುತ್ತಾರೆ. ಬಾಣದ ಮೇಲಿನ ಬೆಳ್ಳಿಬಣ್ಣದ ಅಂಕಿ ಓದಿ, ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾರೆ.

ಎಂಟು ಗಂಟೆಗೆ ಈ ಕಾರ್ಯಾಗಾರದ ಯಜಮಾನ, ಎಪ್ಪತ್ತೊಂದರ ಟೂನ್, ಒಂದು ಪತ್ರ ಹಿಡಿದು ಬರಲಿದ್ದಾರೆ. ಅದಕ್ಕೆ ಜಲಜಾಕ್ಷಿಯ ಸಹಿ ಬೇಕು. ಸೋಮವಾರ ಕೆನಡಾದ ಗಿರಾಕಿಯೊಬ್ಬ ವಿಡಿಯೊ ಕಳಿಸಿದ್ದ. ಹೊಟ್ಟೆಗೆ ಬಾಣ ನಾಟಿದ ಹೆಣ್ಣು ಜಿಂಕೆಯೊಂದು ಜೊಂಡಿನ ನಡುವೆ ಏಳಲು ನೋಡುತ್ತದೆ, ಆಗುವುದಿಲ್ಲ, ಮತ್ತೆ ನೋಡುತ್ತದೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ್ದಂತೆ. ‘ನಾನು ಎದೆಗೆ ಗುರಿಯಿಟ್ಟಿದ್ದೆ’ ಎಂದು ಅವನು ಬರೆದಿದ್ದಾನೆ. ಟೂನ್ ಉತ್ತರ ಸಿದ್ಧಮಾಡಿದ್ದಾರೆ: ತಪ್ಪು ನಿಮ್ಮ ಕೈಯದು, ನಮ್ಮ ಪ್ರತಿಯೊಂದು ಬಾಣವನ್ನೂ ಅಲಗು ಹಾಕಿ ಹೊಡೆದು ನೋಡಲಾಗಿದೆ.

ಆ ಜಿಂಕೆಗೆ ನಾಟಿದ್ದು ಫೆಬ್ರುವರಿಯಲ್ಲಿ ತಯಾರಾದ ಕಂತಿನ ಬಾಣ. ಎಪ್ಪತ್ತೆರಡು ಬಾಣ, ಹನ್ನೆರಡು ಪೆಟ್ಟಿಗೆ. ಹನ್ನೊಂದು ಪೆಟ್ಟಿಗೆ ಕಡಲಾಚೆ ಹೋಗಿವೆ. ಹನ್ನೆರಡನೆಯದನ್ನು ಮಾದರಿಯೆಂದು ಇಲ್ಲೇ ಇಟ್ಟುಕೊಳ್ಳುವುದು ಪದ್ಧತಿ. ಈಗ ಮೇಜಿನ ಮೇಲಿರುವುದು ಅದೇ. ಮಿಕ್ಕ ಗಿರಾಕಿಗಳ ಕಡೆ ಬೇಟೆಯ ಕಾಲ ಶುರುವಾಗಲು ಇನ್ನು ಹದಿನೈದು ದಿನವಷ್ಟೇ ಇದೆ.

ಮೈಸೂರಿನಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದ ಜಲಜಾಕ್ಷಿ, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಬೇರಿಂಗುಗಳ ಅಳತೆ ನೋಡುತ್ತಿದ್ದವರು. ಗಂಡ ಅನಂತರಾಮ ಅವರಿಗೆ ಐಂಡ್‌ಹೋವನ್ ಕಡೆ ಕೆಲಸವಾಗಿ 2014ರಲ್ಲಿ ಇಲ್ಲಿಗೆ ಬಂದರು. ಮೂರು ವರ್ಷ ಮನೆಯಲ್ಲೇ ಕೂತರು. ಸೂಪರ್‌ಮಾರ್ಕೆಟ್ಟಿನ ಫಲಕದಲ್ಲಿ ‘ನಿಖರವಾದ ಕೈ ಬೇಕಾಗಿದೆ’ ಎಂದು ಕೈಬರಹದ ಚೀಟಿ ಅಂಟಿಸಿತ್ತು.

“ಡಚ್ ಅರ್ಧಂಬರ್ಧ ಅರ್ಥ ಆಯ್ತು. ಹೊಲಿಗೆ ಇರ್ಬೇಕು ಅಂದ್ಕೊಂಡು ಹೋದೆ” ಎನ್ನುತ್ತಾರೆ. “ನೋಡಿದ್ರೆ ಬಾಣ! ಟೂನ್ ಹತ್ತು ಕಾರ್ಬನ್ ಕೊಳವೆ ಕೊಟ್ಟು, ಇದ್ರಲ್ಲಿ ಒಂದು ಸೊಟ್ಟ ಇದೆ, ಹುಡುಕು ಅಂದ್ರು. ನಾನು ಟೇಬಲ್ ಮೇಲೆ ಉರುಳಿಸಿ ಎರಡು ತೆಗೆದಿಟ್ಟೆ. ಒಂದೇ ಅಂದೆನಲ್ಲ ಅಂದ್ರು. ನೀವೇ ಉರುಳಿಸಿ ನೋಡಿ ಅಂದೆ. ಆಮೇಲೆ ಕಾಫಿ ಮಾಡಿಕೊಟ್ರು.”

ಈ ದೇಶದಲ್ಲಿ ಬಿಲ್ಲಿನಿಂದ ಬೇಟೆಯಾಡುವಂತಿಲ್ಲ. ಅಲಗಿನ ಮೊನೆಯನ್ನು ಸುಮ್ಮನೆ ಜೇಬಿನಲ್ಲಿ ಇಟ್ಟುಕೊಂಡರೂ ಅಪರಾಧ. ರಫ್ತಿಗೆಂದು ಟೂನ್ ಪಡೆದಿರುವ ವಿಶೇಷ ಪರವಾನಗಿಯ ಮೇಲೆ ಈ ಕೊಟ್ಟಿಗೆ ನಡೆಯುತ್ತದೆ. ಸಂಜೆ ಮನೆಗೆ ಹೊರಡುವ ಮೊದಲು ಜಲಜಾಕ್ಷಿ ಮೊನೆಗಳನ್ನೆಲ್ಲ ಎಣಿಸಿ ಉಕ್ಕಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕು. ದಿನಕ್ಕೆ ಇಪ್ಪತ್ನಾಲ್ಕು ಬಾಣ. ಒಂದೊಂದಕ್ಕೆ ಎರಡು ಹೊಡೆತ. ಒಂದೇ ಚುಕ್ಕಿಗೆ ಎರಡು ಬಾಣ ಬಿಟ್ಟರೆ ಎರಡನೆಯದು ಮೊದಲಿನದನ್ನು ಸೀಳಿಬಿಡುತ್ತದೆ, ಹಾಗಾಗಿ ಪ್ರತಿ ಹೊಡೆತಕ್ಕೂ ಹೋಗಿ ಬರುವುದು. ಕೊಟ್ಟಿಗೆ ಬಿಟ್ಟು ಹೊರಗೆ ಕಾಲಿಡದೆ ದಿನಕ್ಕೆ ಸುಮಾರು ನಾಲ್ಕು ಕಿಲೋಮೀಟರು.

“ಅಭ್ಯಾಸದ ಮೊನೆ ಬಡಪಾಯಿ. ಬಾಣ ಒಂಚೂರು ಓರೆ ಇದ್ರೂ ಹಿಂದಿನ ಗರಿ ಸರಿಮಾಡ್ಕೊಂಡು ಹೋಗತ್ತೆ. ಅಲಗು ಹಾಕಿದ್ರೆ ಮುಂದ್ಗಡೆಗೂ ರೆಕ್ಕೆ ಬಂದ ಹಾಗೆ. ಮುಂದಿನ ರೆಕ್ಕೆ ಒಂದು ಕಡೆ ಎಳೆಯತ್ತೆ, ಹಿಂದಿನ ಗರಿ ಒಂದು ಕಡೆ ಎಳೆಯತ್ತೆ. ಗಂಡ ಹೆಂಡ್ತಿ ಸೂಟ್‌ಕೇಸ್ ಎಳೆದ ಹಾಗೆ. ಅದಕ್ಕೇ ಅಲಗು ಹಾಕಿ ಹೊಡೀದೆ ಯಾವ ಬಾಣವೂ ಗೊತ್ತಾಗಲ್ಲ.”

ಓರೆ ಹೋದ ಬಾಣದ ಮೊನೆ ತೆಗೆದು ಎರಡು ಉರುಳೆಗಳ ಮೇಲಿಟ್ಟು ತಿರುಗಿಸುತ್ತಾರೆ. ಕೊಳವೆಯ ತುದಿ ನೇರವಾಗಿ ಕತ್ತರಿಸಿಲ್ಲದಿದ್ದರೆ ಮೊನೆ ಕೂದಲೆಳೆಯಷ್ಟು ವಾಲಿ ಕೂರುತ್ತದೆ. ಮರಳುಕಾಗದದ ಮೇಲೆ ತುದಿಯನ್ನು ನೆಟ್ಟಗೆ ಉಜ್ಜಿ, ಒಳಗಿನ ಹಿತ್ತಾಳೆಯ ತುಂಡನ್ನು ಮತ್ತೆ ಅಂಟಿನಿಂದ ಕೂರಿಸಿ, ಮತ್ತೆ ಹೊಡೆದು ನೋಡುತ್ತಾರೆ. ಎರಡೂ ಮೊನೆ ಎರಡು ಬೆರಳಿನ ಅಂತರದೊಳಗೆ ಬಿದ್ದರೆ ಟಿಕ್.

ಮನೆಯಲ್ಲಿ ಮೊಟ್ಟೆಯನ್ನೂ ತಿನ್ನದವರು. ಐಂಡ್‌ಹೋವನ್ನಿನ ಕನ್ನಡಿಗರು ಜೂಮ್‌ನಲ್ಲಿ ಯುಗಾದಿ ಮಾಡಿದಾಗ ಗೆಳತಿ ವತ್ಸಲಾ, “ಎಲ್ಲಿ ಕೆಲಸ ರೀ ನಿಮ್ಗೆ?” ಎಂದರೆ, “ಕ್ವಾಲಿಟಿ ಕಂಟ್ರೋಲ್, ಸ್ಪೋರ್ಟ್ಸ್ ಐಟಮ್ಸು” ಎಂದು ಮುಗಿಸಿದ್ದರು. ಪಕ್ಕದಲ್ಲೇ ಕೂತಿದ್ದ ಅನಂತರಾಮ ಮೈಕ್ ಆಫ್ ಮಾಡಿ, “ಬಾಣ ಹೊಡೆಯೋ ಹೆಂಡ್ತಿ ಹತ್ರ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದ್ರೆ ಏನಾಗತ್ತೆ ಅಂತ ನಾನು ಹೇಳ್ಲಾ?” ಎಂದು ಕಿಚಾಯಿಸಿದ್ದರು.

“ಹಿಂಸೆ ಅಲ್ವಾ ಅಂತ ನನ್ನನ್ನ ನಾನೇ ಎಷ್ಟು ಸಲ ಕೇಳ್ಕೊಂಡಿದೀನಿ ಗೊತ್ತಾ?” ಎನ್ನುತ್ತಾರೆ ಜಲಜಾಕ್ಷಿ. “ಹೊಡೆಯೋರು ಹೊಡೀತಾರೆ. ನಾನು ಬೇಡ ಅಂದ್ರೆ ನಿಲ್ಲಲ್ಲ. ಸಾಯೋ ಪ್ರಾಣಿ ನರಳಬಾರದು, ಒಂದೇ ಏಟಿಗೆ ಹೋಗ್ಬೇಕು. ನನ್ನ ಕೈಲಿರೋದು ಅಷ್ಟೇ ಅಂತ ಸಮಾಧಾನ ಮಾಡ್ಕೊಂಡಿದ್ದೆ.”

ಮಾಡ್ಕೊಂಡಿದ್ದೆ ಎನ್ನುವಾಗ ಅವರ ದನಿ ತಗ್ಗುತ್ತದೆ.

ಫೆಬ್ರುವರಿಯ ಆ ವಾರ ಇಡೀ ದೇಶ ಹಿಮದಲ್ಲಿ ಹೂತಿತ್ತು. ರೈಲಿಲ್ಲ, ಅಂಗಡಿಯಿಲ್ಲ, ರಾತ್ರಿ ಕರ್ಫ್ಯೂ ಬೇರೆ. ಉಬ್ಬಸದ ರೋಗಿ ಟೂನ್ ಮನೆ ಬಿಟ್ಟು ಬರುವಂತಿರಲಿಲ್ಲ. ಇಬ್ಬರು ಮಾಡಬೇಕಾದ ಕೆಲಸ ಇದು. ಒಬ್ಬರು ಹೆದೆಯೇರಿಸಿ ಹೊಡೆದರೆ ಇನ್ನೊಬ್ಬರು ನೋಡಿ ಬರೆದುಕೊಳ್ಳಬೇಕು. ಕೊರೊನಾದಿಂದ ಎದ್ದು ಹತ್ತು ದಿನವಾಗಿದ್ದ ಜಲಜಾಕ್ಷಿ ಒಬ್ಬರೇ ಬಂದರು. ಮೊದಲ ದಿನ ಹನ್ನೆರಡು ಬಾಣಗಳನ್ನು ಕ್ರಮವಾಗಿ ನೋಡಿದರು. ಸಂಜೆ ಸೈಕಲ್ ತಳ್ಳಿಕೊಂಡು ಹೋಗುವಾಗ ಕಾಲುವೆಯ ಸೇತುವೆ ಹತ್ತಲಾಗದೆ ಹಿಮದ ಮೇಲೆ ಕೂತುಬಿಟ್ಟಿದ್ದರು. ಮರುದಿನದಿಂದ ಒಂದೊಂದು ಬಾಣಕ್ಕೆ ಒಂದೇ ಹೊಡೆತ, ಅದೂ ಅಭ್ಯಾಸದ ಮೊನೆಯಲ್ಲಿ. ಅಲಗು ಹೊಡೆದರೆ ಫೋಮಿನ ಹಲಗೆ ಕಿತ್ತುಹೋಗುತ್ತದೆ, ಹೊಸ ಹಲಗೆ ಎಂದು ಬರುತ್ತದೋ ಯಾರಿಗೂ ಗೊತ್ತಿಲ್ಲ ಎಂಬ ನೆಪವೂ ಇತ್ತು. ಅರವತ್ತಕ್ಕೆ ಅರವತ್ತೂ ಚುಕ್ಕಿಯ ಸುತ್ತ ಬಿದ್ದವು. ಪಟ್ಟಿಯ ‘ಅಭ್ಯಾಸ’, ‘ಅಲಗು’ ಎಂಬ ಎರಡು ಕಾಲಂಗಳಲ್ಲೂ ಟಿಕ್ ಹಾಕಿ ಮುಗಿಸಿದರು. ಆ ತಿಂಗಳು ಗರಗಸದ ಅಲಗು ಸವೆದಿತ್ತು, ಬದಲಿ ಬರಲು ತಡವಾಗಿ ಕೊಳವೆಗಳ ತುದಿ ಓರೆಯಾಗಿ ಕತ್ತರಿಸಿಹೋಗಿದ್ದವು. ಅದು ಬೇಸಿಗೆಯಲ್ಲಿ ತಿಳಿಯಿತು. ಆಗಲೂ ಅವರು ಬಾಯಿಬಿಡಲಿಲ್ಲ.

“ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ ಅಂತ ಸುಮ್ನಿದ್ದೆ. ಮಾಡೋಕೆ ಜಿಂಕೆಗೆ ಬಾಯಿದ್ಯಾ?”

ಏಳೂಮುಕ್ಕಾಲಿಗೆ ಆರನೆಯ ಬಾಣ ಮುಗಿಯುತ್ತದೆ. ಆರರಲ್ಲಿ ನಾಲ್ಕು ಓರೆ. ನೋಟ್‌ಬುಕ್ಕಿನ ಅಡ್ಡಗೆರೆಗಳನ್ನು ಎರಡು ಸಲ ಎಣಿಸಿ, ಜಲಜಾಕ್ಷಿ ಸ್ಟೂಲಿನ ಮೇಲೆ ಕೂರುತ್ತಾರೆ. ಮನೆಯಿಂದ ತಂದ ಅವಲಕ್ಕಿಯ ಡಬ್ಬಿ ತೆರೆದು ಮತ್ತೆ ಮುಚ್ಚುತ್ತಾರೆ. ಹೇಳಿದರೆ ಪತ್ರ ಹೋಗುವುದಿಲ್ಲ. ಪೆಟ್ಟಿಗೆಗಳು ವಾಪಸಾಗಬೇಕು, ಪರವಾನಗಿ ಕೊಟ್ಟವರಿಗೆ ವರದಿ ಹೋಗಬೇಕು. ಈ ಕೊಟ್ಟಿಗೆ ಮತ್ತೆ ಬಾಗಿಲು ತೆರೆಯುತ್ತದೋ ಇಲ್ಲವೋ, ತೆರೆದರೂ ತಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ. ಹೇಳದಿದ್ದರೆ ಅದೆಲ್ಲ ಏನೂ ಇಲ್ಲ. ಒಂದು ಸಹಿ ಹಾಕಿದರೆ ಮುಗಿಯಿತು.

ಹೊರಗೆ ವ್ಯಾನಿನ ಸದ್ದು. ಟೂನ್ ಒಳಬಂದು, ಒಂದೂವರೆ ಮೀಟರ್ ದೂರದಲ್ಲಿ ಅಭ್ಯಾಸಬಲದಿಂದ ನಿಲ್ಲುತ್ತಾರೆ. ಪತ್ರವನ್ನು ಮೇಜಿನ ಮೇಲೆ ಜಾರಿಸಿ, “ನಿನ್ನೆ ಮತ್ತೆ ನೋಡಿದೆ ಆ ವಿಡಿಯೊ” ಎನ್ನುತ್ತಾರೆ ಡಚ್ಚಿನಲ್ಲಿ. “ಕೈ ನಡುಗೋನು ಬೇಟೆಗೆ ಯಾಕೆ ಹೋಗ್ಬೇಕು? ಮನೇಲಿ ಚೆಸ್ ಆಡ್ಲಿ. ಬರೆದಿದೀನಿ ನೋಡು, ನಮ್ಮಲ್ಲಿ ಬಾಣ ನೋಡೋಳು ಯಾರು ಅಂತ. ಹತ್ತರಲ್ಲಿ ಒಂದು ಹುಡುಕು ಅಂದ್ರೆ ಎರಡು ಹುಡುಕಿದೋಳು.”

ಪತ್ರದಲ್ಲಿ ಹಾಗೆಯೇ ಇದೆ. ಕೊನೆಯಲ್ಲಿ ಜಲಜಾಕ್ಷಿಯ ಹೆಸರು, ಅದರ ಮೇಲೆ ಖಾಲಿ ಗೆರೆ.

ಜಲಜಾಕ್ಷಿ ಪೆನ್ನು ತೆಗೆದುಕೊಳ್ಳುತ್ತಾರೆ. ಕಪಾಟು ತೆರೆದಿರುವುದು, ಹನ್ನೆರಡನೆಯ ಪೆಟ್ಟಿಗೆಯ ಮುಚ್ಚಳ ಕಳಚಿರುವುದು ಟೂನ್ ಕಣ್ಣಿಗೆ ಈಗ ಬೀಳುತ್ತದೆ. ದೂರದ ಹಲಗೆಯಲ್ಲಿ ಕೊನೆಯ ಬಾಣ ಇನ್ನೂ ನೆಟ್ಟುಕೊಂಡಿದೆ, ಚುಕ್ಕಿಯಿಂದ ಅಂಗೈಯಗಲ ಎಡಕ್ಕೆ. ಟೂನ್ ಕನ್ನಡಕ ಹಣೆಗೇರಿಸಿ ಅದನ್ನೇ ನೋಡುತ್ತಾರೆ.

ಏಳು ತಿಂಗಳಿಂದ ಕಾಲುವೆಯ ದಂಡೆಯುದ್ದಕ್ಕೂ ಸೈಕಲ್ ತುಳಿಯುತ್ತ ಜಲಜಾಕ್ಷಿ ಈ ಮಾತನ್ನು ಹೇಗೆ ಹೇಳುವುದೆಂದು ಡಚ್ಚಿನಲ್ಲಿ ಜೋಡಿಸಿಕೊಂಡಿದ್ದರು. ಹಿಮ, ಕೊರೊನಾ, ಸವೆದ ಗರಗಸ, ಸಿಗದ ಫೋಮು, ಎಲ್ಲ ಅದರಲ್ಲಿತ್ತು. ಈಗ ಅದು ಯಾವುದೂ ನೆನಪಾಗುವುದಿಲ್ಲ. ಪೆನ್ನನ್ನು ಪತ್ರದ ಮೇಲೆ ಅಡ್ಡಲಾಗಿ ಮಲಗಿಸಿ, ಗದ್ದಕ್ಕಿಳಿಸಿಕೊಂಡಿದ್ದ ಮಾಸ್ಕನ್ನು ಪೂರ್ತಿ ತೆಗೆದು ಮೇಜಿನ ಮೇಲಿಡುತ್ತಾರೆ.

“ಟೂನ್, ಅವನ ಕೈ ನಡುಗಲಿಲ್ಲ. ಮೊದಲ ಎರಡು ಪೆಟ್ಟಿಗೆ ಬಿಟ್ರೆ ಒಂದನ್ನೂ ನಾನು ಅಲಗು ಹಾಕಿ ಹೊಡೀಲೇ ಇಲ್ಲ.”